ಎರಡು ಗಂಟೆಯ ಮಾತ್ರೆ

ಹಡಗು ರಾಟರ್‌ಡ್ಯಾಮಿಗೆ ಬರುವ ಮುಂಚಿನ ದಿನವೇ ನಾನು ಎಲ್ಲವನ್ನೂ ಯೋಚಿಸಿಟ್ಟಿದ್ದೆ. ಪಾಸ್‌ಪೋರ್ಟ್ ಕಳೆಯಬಹುದು. ರೈಲು ತಪ್ಪಬಹುದು. ಸರಿಯಾದ ರೈಲೇ ಹತ್ತಿ ತಪ್ಪು ಊರಿನಲ್ಲಿ ಇಳಿಯಬಹುದು. ಸೈಕಲ್ಲಿನವರು ಗುದ್ದಬಹುದು, ಗುದ್ದಿಸಿಕೊಂಡ ಮೇಲೆ ಬೈಗುಳವನ್ನೂ ನಾನೇ ತಿನ್ನಬೇಕಾಗಬಹುದು. ಕಾಲುವೆಗೆ ಬೀಳಬಹುದು. ಸಂಜೆ ಐದಕ್ಕೆ ಹಡಗು ನನ್ನನ್ನು ಬಿಟ್ಟು ಹೊರಟೇಬಿಡಬಹುದು. ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಒಂದೇ ಸಣ್ಣ ಎಡವಟ್ಟು: ನನ್ನ ಗಂಡನ ಮಾತ್ರೆ ಡಬ್ಬಿ ನನ್ನ ಕೈಚೀಲದಲ್ಲೇ ಉಳಿಯಿತು.

ದೆವ್ವ, ಗಾಳಿ, ಸೂಚನೆ ಇವನ್ನೆಲ್ಲ ನಾನು ನಂಬಿದವಳಲ್ಲ. ಭಯಪಡಲು ನನಗೆ ಗ್ಯಾಸ್ ಸಿಲಿಂಡರು, ಬಾಗಿಲ ಬೀಗ, ಬಸ್ ಡ್ರೈವರು ಇಷ್ಟೇ ಸಾಕಾಗಿತ್ತು. ದೆವ್ವಗಳಿಗೆ ಹೆದರಲು ನನಗೆ ಪುರುಸೊತ್ತು ಇರಲಿಲ್ಲ. ಯಾರಾದರೂ ಇಂಥ ಕಥೆ ತೆಗೆದರೆ ನಕ್ಕು ಎದ್ದು ಹೋಗುತ್ತಿದ್ದೆ. ಇದನ್ನು ಓದಿ ನೀವು ನಕ್ಕರೂ ನನ್ನ ತಕರಾರಿಲ್ಲ.

ನನ್ನ ಗಂಡನಿಗೆ ಪಾರ್ಕಿನ್ಸನ್ ಕಾಯಿಲೆ. ಕೈಕಾಲು ಮಾತು ಕೇಳುವಾಗಲೇ ಒಮ್ಮೆ ಸಮುದ್ರ ಸುತ್ತಿಬಿಡೋಣ ಎಂದು ಇಪ್ಪತ್ತು ದಿನದ ಆ ಪ್ರಯಾಣ ಹೊರಟಿದ್ದೆವು. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಒಂದು ಮಾತ್ರೆ ಬೀಳಲೇಬೇಕು. ತಪ್ಪಿದರೆ ಅರ್ಧ ಗಂಟೆಯಲ್ಲಿ ಮೈ ಮರದಂತೆ ಬಿಗಿದುಕೊಳ್ಳುತ್ತದೆ. ಕೂತಲ್ಲಿಂದ ಏಳಲಾರರು, ಬೆಲ್ ಒತ್ತಲಾರರು, ಗಟ್ಟಿಯಾಗಿ ಕೂಗಲೂ ಆಗುವುದಿಲ್ಲ. ಆ ದಿನ ಅವರಿಗೆ ಸುಸ್ತು, ಕ್ಯಾಬಿನ್ನಿನಲ್ಲೇ ಉಳಿದರು. ನಾನು ಪಕ್ಕದ ಊರು ಡೆಲ್ಫ್ಟಿನಲ್ಲಿ ಓದುತ್ತಿದ್ದ ತಂಗಿಯ ಮಗಳು ಮೇಘನಾಳನ್ನು ನೋಡಿ ಬರಲು ಹೊರಟೆ. ಮಾತ್ರೆಯನ್ನು ಮೇಜಿನ ಮೇಲೆ ತೆಗೆದಿಡಬೇಕೆಂದುಕೊಂಡಿದ್ದೆ. ಆದರೆ ಹೊರಡುವಾಗ ಕಳೆಯಬಾರದ್ದನ್ನೆಲ್ಲ ಕೈಚೀಲಕ್ಕೆ ತುಂಬಿಕೊಳ್ಳುವುದು ನಮ್ಮಮ್ಮನಿಂದ ಬಂದ ಚಾಳಿ. ಪಾಸ್‌ಪೋರ್ಟು, ಚಿನ್ನದ ಸರ, ಮಾತ್ರೆ ಡಬ್ಬಿ, ಎಲ್ಲವೂ ಒಳಗೆ ಹೋಗಿದ್ದವು.

ಮೇಘನಾ ಬಿಸಿಬೇಳೆ ಭಾತ್ ಮಾಡಿದ್ದಳು. ಅವಳಿಗೆಂದು ತಂದಿದ್ದ ಚಟ್ನಿಪುಡಿ ಪೊಟ್ಟಣವನ್ನು ಚೀಲದಿಂದ ಎಳೆದಾಗ ಡಬ್ಬಿಯೂ ಜೊತೆಗೆ ಬಂತು. ಗಂಟೆ ಒಂದೂಕಾಲು. ಮುಚ್ಚಳ ತೆರೆದು ನೋಡಿದೆ, ಮೇಘನಾಳೂ ನೋಡಿದಳು. ಆ ಮಧ್ಯಾಹ್ನದ ಮಾತ್ರೆ ತನ್ನ ಗೂಡಿನಲ್ಲೇ ಕೂತಿತ್ತು.

"ದೊಡ್ಡಮ್ಮ, ಟೆನ್ಷನ್ ಮಾಡ್ಕೋಬೇಡಿ. ಟ್ರೈನ್ ಹದಿನೈದೇ ನಿಮಿಷ," ಎಂದಳು. ಊಟ ಹಾಗೇ ಬಿಟ್ಟು ಓಡಿದೆವು.

ರೈಲು ಹತ್ತಿದೆವು. ಡೆಲ್ಫ್ಟ್ ದಾಟಿ ಸ್ವಲ್ಪ ದೂರಕ್ಕೆ ಅದು ನಿಂತಿತು. ಡಚ್ಚಿನಲ್ಲಿ ಏನೋ ಹೇಳಿದರು.

"ಸಿಗ್ನಲ್ ಪ್ರಾಬ್ಲಂ ಅಂತೆ," ಎಂದಳು ಮೇಘನಾ.

"ಎಷ್ಟು ಹೊತ್ತಂತೆ?"

"ಅದನ್ನ ಹೇಳಲ್ಲ ದೊಡ್ಡಮ್ಮ ಇವ್ರು."

ನನ್ನ ಗಂಡನ ಫೋನಿಗೆ ಕಳಿಸಿದ ಮೆಸೇಜಿಗೆಲ್ಲ ಒಂದೇ ಟಿಕ್, ಒಂದೂ ತಲುಪಿರಲಿಲ್ಲ. ಮೇಘನಾ ಹಡಗಿನವರ ನಂಬರಿಗೆ ಫೋನ್ ಮಾಡಿದಳು. ಸಂಗೀತ ಕೇಳಿಸುತ್ತಲೇ ಇತ್ತು, ಮನುಷ್ಯರು ಬರಲಿಲ್ಲ. ಕಿಟಕಿಯಾಚೆ ಹುಲ್ಲು, ಒಂದು ಹಸು, ನೀರಿನ ಸಾಲು. ಎರಡಾಗುತ್ತ ಬಂತು. ಜೀವನವಿಡೀ ಬೇಡದ್ದಕ್ಕೆಲ್ಲ ಗಾಬರಿಯಾದವಳು ನಾನು. ಬೇಕಾದಾಗ ಮಾಡಲು ನನ್ನ ಬಳಿ ಏನೂ ಇರಲಿಲ್ಲ. ಚೀಲವನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಹಡಗಿನ ಮೆಟ್ಟಿಲು ಹತ್ತಿದೆ, ಕಾರಿಡಾರಿನಲ್ಲಿ ನಡೆದೆ, ಬಾಗಿಲು ತೆರೆದೆ, ಮನಸ್ಸಿನಲ್ಲೇ. ಅದಕ್ಕಿಂತ ಹೆಚ್ಚೇನೂ ನಾನು ಮಾಡಲಿಲ್ಲ. ಎರಡಾಯಿತು, ಎರಡೂವರೆಯಾಯಿತು.

ಹಡಗು ಮುಟ್ಟುವಾಗ ಮೂರೂಕಾಲು. ಮೇಘನಾಳನ್ನು ಗೇಟಿನಾಚೆಯೇ ನಿಲ್ಲಿಸಿದರು. ನನ್ನ ಕಾರ್ಡು ತೋರಿಸಿದರೆ ಯಂತ್ರ ಕೆಂಪಗಾಯಿತು. ಕಾವಲಿನವನು ಪರದೆ ನೋಡಿ, ನೀವು ಎರಡಕ್ಕೆ ಹತ್ತು ನಿಮಿಷ ಇರುವಾಗಲೇ ಒಳಗೆ ಬಂದಿದ್ದೀರಿ ಎಂದ. ಇಲ್ಲ ಎಂದೆ. ಯಂತ್ರ ಒಮ್ಮೊಮ್ಮೆ ಹೀಗೆ ಮಾಡುತ್ತದೆ ಎಂದು ನಕ್ಕು, ಇನ್ನೊಮ್ಮೆ ನನ್ನನ್ನು ಒಳಗೆ ಬರೆದುಕೊಂಡ.

ಕ್ಯಾಬಿನ್ನಿನ ಬಾಗಿಲು ತೆರೆದಾಗ ಇವರು ಕಿಟಕಿಯ ಬಳಿ ನಿಂತು ಕಿತ್ತಳೆ ಸುಲಿಯುತ್ತಿದ್ದರು. ಆ ಕೈಗಳಲ್ಲಿ. ನಾನು ಡಬ್ಬಿ ಹೊರಗೆ ತೆಗೆದೆ.

"ಮತ್ತೆ ಯಾಕೆ ತಂದೆ? ಆಗ್ಲೇ ಕೊಟ್ಟೆಯಲ್ಲ."

"ಯಾರು ರೀ ಕೊಟ್ಟದ್ದು?"

"ಯಾರು ಅಂದ್ರೆ? ನೀನೇ. ಬಂದೆ, ಮಾತ್ರೆ ಕೊಟ್ಟೆ, ನೀರು ಕುಡಿಸಿದೆ, ತಲೆ ಮುಟ್ಟಿ ಹೋದೆ. ಒಂದು ಮಾತೂ ಆಡ್ಲಿಲ್ಲ. ಬೈಯ್ಲೂ ಇಲ್ಲ. ಅದಕ್ಕೇ ಸ್ವಲ್ಪ ಹೆದರಿಕೆ ಆಯ್ತು ನಂಗೆ."

ಡಬ್ಬಿ ತೆರೆದೆ. ಮಧ್ಯಾಹ್ನದ ಗೂಡು ಖಾಲಿ.

ಯಂತ್ರ ಕೆಟ್ಟಿರಬಹುದು. ಇವರು ಕನಸು ಕಂಡಿರಬಹುದು. ಮಾತ್ರೆ ಓಟದಲ್ಲಿ ಎಲ್ಲೋ ಬಿದ್ದಿರಬಹುದು. ಒಂದೊಂದಕ್ಕೂ ಉತ್ತರ ಹುಡುಕಿಟ್ಟುಕೊಂಡಿದ್ದೇನೆ. ಆದರೆ ಮಾತ್ರೆಯಿಲ್ಲದೆ ಮೂರೂಕಾಲಿಗೆ ಅವರು ಎದ್ದು ನಿಂತು ಹಣ್ಣು ಸುಲಿದದ್ದಕ್ಕೆ ನನ್ನ ಬಳಿಯೂ ಉತ್ತರವಿಲ್ಲ, ಅವರ ಡಾಕ್ಟರ ಬಳಿಯೂ ಇಲ್ಲ.

ಇದಾಗಿ ಕೆಲವು ವರ್ಷಗಳಾದವು. ಈಗ ಕಾಯಿಲೆ ಮುಂದುವರಿದಿದೆ, ಮಾತ್ರೆಗಳೂ ಹೆಚ್ಚಿವೆ. ಈಗಲೂ ನಾನೇ ಕೊಡುವುದು, ಗಡಿಯಾರ ನೋಡುತ್ತ, ನೀರು ಚೆಲ್ಲಿದ್ದಕ್ಕೆ ಗೊಣಗುತ್ತ. ಕೆಲವು ದಿನ ಅವರು ಮಾತ್ರೆಗೆ ಬಾಯಿ ತೆರೆಯದೆ ನನ್ನ ಮುಖ ನೋಡುತ್ತಾರೆ.

"ಅವತ್ತು ಹಡಗಲ್ಲಿ ಕೊಟ್ಟ ಹಾಗೆ ಕೊಡೇ," ಎನ್ನುತ್ತಾರೆ.

ನಾನು ಗೊಣಗುವುದನ್ನು ನಿಲ್ಲಿಸಿ, ಅವತ್ತಿನ ಹಾಗೆ ಅವರ ತಲೆ ಮುಟ್ಟುತ್ತೇನೆ. ಹಾಗಲ್ಲ ಎಂಬಂತೆ ತಲೆಯಾಡಿಸಿ ಅವರು ಮಾತ್ರೆ ನುಂಗುತ್ತಾರೆ.