ನೀತಿ ಹೇಳದ ಅಂಗಿ

ನಮ್ಮ ಕನ್ನಡ ಸಂಘದ ಮಕ್ಕಳ ಚಿತ್ರಸ್ಪರ್ಧೆ ನೆನಪಾದರೆ ಈಗಲೂ ನನಗೆ ಮೈ ಉರಿಯುತ್ತದೆ.

ನನ್ನ ಗಂಡನಿಗೆ ಸಮುದ್ರದ ನಡುವಿನ ಗ್ಯಾಸ್ ಪ್ಲಾಟ್‌ಫಾರ್ಮಿನಲ್ಲಿ ಕೆಲಸ. ಒಮ್ಮೆ ಹೋದರೆ ವಾರಗಟ್ಟಲೆ ಮನೆಗೆ ಬರುವಂತಿಲ್ಲ. ಅವರು ಹೋದ ಮೇಲೆ ಬಿಟ್ಟುಹೋದ ಅಂಗಿ ಒಗೆದು ದೋಹಾದ ಅಲ್ ಹಿಲಾಲ್ ಬಡಾವಣೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ಒಣಹಾಕುತ್ತೇನೆ. ಸ್ಪರ್ಧೆಯಲ್ಲಿ ಮಗಳು ಆ ಅಂಗಿಯನ್ನೇ ಬಿಡಿಸಿದಳು. ತೋಳುಗಳಲ್ಲಿ ಗಾಳಿ ತುಂಬಿತ್ತು, ಜೇಬಿನ ಮೇಲೆ ಎಷ್ಟು ಉಜ್ಜಿದರೂ ಹೋಗದ ಇಂಕಿನ ಕಲೆ.

ತೀರ್ಪುಗಾರರು ಬೆಂಗಳೂರಿನವರು, ಇಲ್ಲಿ ಯಾವುದೋ ಕಂಪನಿಯಲ್ಲಿ ಮ್ಯಾನೇಜರ್. ಹಾಳೆಯನ್ನು ಅತ್ತಿತ್ತ ತಿರುಗಿಸಿದರು.

“ಚೆನ್ನಾಗಿದೆ ಪುಟ್ಟಿ. ಆದ್ರೆ ಮೆಸೇಜ್ ಏನು?”

“ಅಪ್ಪನ ಶರ್ಟ್ ಅಂಕಲ್.”

“ಅದ್ ಗೊತ್ತಾಯ್ತು. ನೋಡಿದೋರಿಗೆ ಒಂದು ಮಾರಲ್ ಬೇಕಲ್ವಾ? ಕೆಳಗೆ ‘ನೀರು ಉಳಿಸಿ’ ಅಂತ ಬರಿ. ಯಲ್ಲಾ, ಬೇಗ” ಎಂದು ಇಲ್ಲಿನ ಅರಬ್ಬಿ ಬೆರೆಸಿ ಅವಸರಪಡಿಸಿದರು.

ನಾನು ತಡೆಯುವಷ್ಟರಲ್ಲಿ ಅವಳು ಬರೆದಾಗಿತ್ತು. “ಚಿತ್ರಕ್ಕೆ ನೀತಿ ಯಾಕ್ ಸಾರ್?” ಎಂದು ಕೇಳಿದೆ. “ಅದು ನಮ್ ಸಂಸ್ಕೃತಿ ಮೇಡಂ” ಎಂದರು.

ಯಾರ ಸಂಸ್ಕೃತಿ? ಮೈಸೂರಿನಲ್ಲಿ ಎಂ.ಎ. ಓದುವಾಗ ಇದೇ ಮಾತನ್ನು ವಿಕ್ಟೋರಿಯಾ ರಾಣಿಯ ಕಾಲದ ಕಲಾವಿಮರ್ಶಕರ ಬರಹದಲ್ಲಿ ಪುಟಗಟ್ಟಲೆ ಓದಿದ್ದೇನೆ. ಒಳ್ಳೆಯ ಚಿತ್ರವೆಂದರೆ ನೋಡಿದವರನ್ನು ಒಳ್ಳೆಯವರನ್ನಾಗಿ ಮಾಡಬೇಕು ಎಂದು ಅವರಲ್ಲಿ ಹಲವರು ಬರೆದರು. ಹೊಸದಾಗಿ ದುಡ್ಡು ಕಂಡವರು ಅದನ್ನು ನಂಬಿ, ದಾರಿ ತಪ್ಪಿದ ಹೆಂಡತಿ, ಪ್ರಾರ್ಥಿಸುವ ಬಡವ, ಇಂಥವನ್ನೇ ಹಜಾರದಲ್ಲಿ ತೂಗುಹಾಕಿದರು. ನೀವು ಯಾವ ಚಿತ್ರ ಮೆಚ್ಚುತ್ತೀರಿ ಎನ್ನುವುದೇ ನಿಮ್ಮ ಶೀಲಕ್ಕೆ ಸಾಕ್ಷಿಯಾಯಿತು. ಆ ಇಂಗ್ಲೆಂಡಿನ ಹಳಸಲನ್ನು ದೋಹಾದಲ್ಲಿ ನಮ್ಮದೇ ಅಡುಗೆ ಎಂದು ಬಡಿಸುತ್ತಾರಲ್ಲ! ಆ ವಿಮರ್ಶಕರಾದರೂ ಒಂದು ಎಲೆಯನ್ನು, ಒಂದು ಮೋಡವನ್ನು ಕಣ್ಣು ಕೀಲಿಸಿ ನೋಡಿದರು, ನೋಡುವುದನ್ನು ಜನಕ್ಕೂ ಕಲಿಸಿದರು. ಇವರಿಗೆ ಆ ಇಂಕಿನ ಕಲೆಯೂ ಕಾಣಲಿಲ್ಲ.

ಅಂಗಿಗೆ ಮೂರನೆಯ ಬಹುಮಾನ ಬಂತು. ಮೊದಲನೆಯದು ಕಣ್ಣೀರಿಡುವ ಭೂಮಿಗೆ. ಅಲ್ಲಿಂದ ಮುಂದೆ ನನ್ನ ಮಗಳೂ ಭೂಮಿಗೆ ಕಣ್ಣು, ಮರಕ್ಕೆ ಬಾಯಿ ಬರೆಯತೊಡಗಿದಳು. ಬಾಲ್ಕನಿಯ ಕಡೆ ತಿರುಗಿಯೂ ನೋಡಲಿಲ್ಲ.

ಗಂಡ ಮನೆಗೆ ಬಂದವರು ಬ್ಯಾಗ್ ಇಳಿಸಿ ಅವಳ ಪಕ್ಕ ಕೂತರು. “ನಂದೊಂದು ಚಿತ್ರ ಬಿಡ್ಸು ಪುಟ್ಟಿ. ಅಲ್ಲಿ ರೂಮಲ್ಲಿ ಅಂಟಿಸ್ಕೋತೀನಿ” ಎಂದರು.

ಅವಳು ಪೆನ್ಸಿಲ್ ಹಿಡಿದು ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

“ಬಿಡಿಸ್ತೀನಪ್ಪ. ಆದ್ರೆ ಕೆಳಗೆ ಏನಂತ ಬರೀಲಿ?”