ಮೊಟ್ಟೆ ಬೀಳದ ಅಂಗಿ

ಅರ್ಜೆಂಟೀನಾದ ರೊಸಾರಿಯೊದಲ್ಲಿ ಡಿಗ್ರಿಯ ಕೊನೆಯ ಪರೀಕ್ಷೆ ಪಾಸಾದವರಿಗೆ ಗೆಳೆಯರು ಕಾಲೇಜಿನ ಬಾಗಿಲಲ್ಲೇ ಮೊಟ್ಟೆ, ಹಿಟ್ಟು ಎರಚಬೇಕು. ಇಲ್ಲದಿದ್ದರೆ ಅದೆಂಥ ಡಿಗ್ರಿ! ಅದಕ್ಕೇ ಅರವತ್ತೊಂದು ವರ್ಷದ ಇರ್ಮಾ ಹಳೇ ಅಂಗಿ ತೊಟ್ಟು, ಚೀಲದಲ್ಲಿ ಟವೆಲ್ ಇಟ್ಟುಕೊಂಡು ತನ್ನ ಕೊನೆಯ ಪರೀಕ್ಷೆಗೆ ಬಂದಿದ್ದಳು.

ಹತ್ತಕ್ಕೆ ಹತ್ತು ಬಂತು. ಹೊರಗೆ, ನಾಲ್ಕು ಅಂಕ ಪಡೆದು ಹೇಗೋ ದಡ ಸೇರಿದ ಬ್ರೂನೊ ಮೈಯೆಲ್ಲ ಲೋಳೆಯಾಗಿ ಕುಣಿಯುತ್ತಿದ್ದ.

"ಹತ್ತಾ? ನಮ್ಮ ಮಾನ ಕಳೆದ್ರಲ್ಲ ಆಂಟಿ!" ಎನ್ನುತ್ತಾ ಸಹಪಾಠಿ ಲುದ್ಮಿಲಾ ಕೈಯಲ್ಲಿದ್ದ ಮೊಟ್ಟೆಯನ್ನು ಬೆನ್ನ ಹಿಂದೆ ಮರೆಮಾಡಿದಳು. "ಏಯ್, ದಾರಿ ಬಿಡ್ರೋ! ಆಂಟಿ ಬಟ್ಟೆ ಹಾಳಾಗುತ್ತೆ."

ಎಲ್ಲರೂ ಮರ್ಯಾದೆಯಿಂದ ಸರಿದು ನಿಂತರು. ಇರ್ಮಾ ಮೆಟ್ಟಿಲಿಳಿದಳು. ಖುಷಿಯೂ ಆಗಲಿಲ್ಲ, ಬೇಜಾರೂ ಆಗಲಿಲ್ಲ.

ಬಸ್ ಸ್ಟಾಪಿನಲ್ಲಿ ನಿಂತಿದ್ದ ಹೆಂಗಸು ಗದ್ದಲದತ್ತ ನೋಡಿ ಕೇಳಿದಳು: "ಮೊಮ್ಮಗನ ಪರೀಕ್ಷೆ ಇತ್ತಾ?"

"ಹೂಂ," ಎಂದಳು ಇರ್ಮಾ. "ಪಾಸಾದ."