ಕಾವುಪೆಟ್ಟಿಗೆಯ ಬಾಗಿಲು ತೆರೆಯದವಳು

"ಕೀ ಕೊಡಿ ಮಾವ."

"ಏಳು ಗಂಟೆ ಆಗ್ಲಿ."

"ಒಂದೇ ಒಂದು ನಿಮಿಷ. ನೋಡ್ಬಿಟ್ಟು ಬಂದ್ಬಿಡ್ತೀನಿ."

"ಕಾಲಿಗೆ ಬಿದ್ರೂ ಕೊಡ್ಬೇಡಿ ಅಂತ ನೀನೇ ಹೇಳಿದ್ದಲ್ವಾ? ಇನ್ನೂ ಕಾಲಿಗಂತೂ ಬಿದ್ದಿಲ್ಲ."

ಆಗಷ್ಟೇ ಬೆಳಕು ಹರಿಯುತ್ತಿದೆ. ಕಣ್ಣಾಸ್ಪತ್ರೆಯ ಹಿಂದಿನ ಕಟ್ಟಡದ ಮೆಟ್ಟಿಲ ಬಳಿ ಕಾವಲುಗಾರ ಕುರ್ಚಿ ಹಾಕಿಕೊಂಡು ಕೂತಿದ್ದಾನೆ, ಕೀ ಅವನ ಅಂಗಿಯ ಜೇಬಿನಲ್ಲಿದೆ. ಅವನ ಮುಂದೆ ಶತಪಥ ಹಾಕುತ್ತಿರುವ ಹೆಂಗಸಿಗೆ ಇಲ್ಲಿ ಎಲ್ಲರೂ ಇಟ್ಟಿರುವ ಹೆಸರು ಚಡಪಡಕ್ಕ. ಹೆಸರಿಟ್ಟವರು ತಪ್ಪು ಮಾಡಿಲ್ಲ. ಇವರ ಬಗ್ಗೆ ಬರೆಯಲೆಂದು ನಾನು ಬಂದಾಗಿನಿಂದ ಆಕೆ ಎರಡು ಸಲ ಟೀ ತರಿಸಿ ಎರಡನ್ನೂ ಆರಲು ಬಿಟ್ಟಿದ್ದಾರೆ. ಮಾತು ನನ್ನ ಜೊತೆ, ಕಣ್ಣು ಆ ಜೇಬಿನ ಮೇಲೆ.

ಆ ಕೀ ತೆರೆಯುವ ಕೋಣೆಯಲ್ಲಿ ಒಂದು ಕಾವುಪೆಟ್ಟಿಗೆಯಿದೆ. ಕೋಳಿ ಮೊಟ್ಟೆಗೆ ಕಾವು ಕೊಡುವ ಹಾಗೆ, ಅದು ತನ್ನೊಳಗಿನ ಪುಟ್ಟ ತಟ್ಟೆಗಳನ್ನು ಮೈಯ ಬಿಸಿಯಲ್ಲೇ ಇಟ್ಟುಕೊಂಡಿರುತ್ತದೆ. ತಟ್ಟೆಗಳಲ್ಲಿ ಬೆಳೆಯುತ್ತಿರುವುದು ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್. ಅವುಗಳಿಗೆ ಒಂದು ದಿನ ಬಿಟ್ಟು ಒಂದು ದಿನ ಆಹಾರ ಕೊಡುವುದು, ಎಂದರೆ ಹಳೆಯ ಗುಲಾಬಿ ದ್ರವವನ್ನು ತೆಗೆದು ಹೊಸದನ್ನು ತುಂಬುವುದು, ಚಡಪಡಕ್ಕನ ಕೆಲಸ. ಕೋಶಗಳಿಗೆ ಭಾನುವಾರವಿಲ್ಲ, ಹಾಗಾಗಿ ಈಕೆಗೂ ಇಲ್ಲ. ಸ್ವಂತ ನಾದಿನಿಯ ಮದುವೆಗೆ ಊಟದ ಹೊತ್ತಿಗೆ ಹೋಗಿ, ಕೈ ತೊಳೆದು ವಾಪಸು ಬಂದವರು.

ಕಣ್ಣಿನ ಮುಂಭಾಗದಲ್ಲಿ ಗಾಜಿನಂಥ ಪದರವೊಂದಿದೆ. ಅದರ ಮೇಲ್ಮೈ ದಿನವೂ ಸವೆಯುತ್ತದೆ, ದಿನವೂ ಹೊಸದಾಗುತ್ತದೆ. ಹೊಸದಾಗಿಸುವ ಕೋಶಗಳು ಇರುವುದು ಕಪ್ಪುಗುಡ್ಡೆ ಬಿಳಿಗೆ ಸೇರುವ ಅಂಚಿನಲ್ಲಿ. ಆ ಅಂಚು ಸುಟ್ಟರೆ ಗಾಜು ಮಬ್ಬಾಗುತ್ತದೆ, ಬೇರೆಯವರ ಕಣ್ಣಿನ ಗಾಜು ತಂದು ಕೂರಿಸಿದರೂ ನಿಲ್ಲುವುದಿಲ್ಲ. ಆಗ ಇನ್ನೊಂದು ಕಣ್ಣಿನ ಅಂಚಿನಿಂದ ಎಳ್ಳಿಗಿಂತ ಚಿಕ್ಕ ಚೂರು ತೆಗೆದು, ಹೆರಿಗೆಯಾದ ತಾಯಂದಿರು ಒಪ್ಪಿ ಕೊಟ್ಟ ಮಾಸಿನ ತೆಳುಪೊರೆಯ ಮೇಲಿಟ್ಟು ಬೆಳೆಸುತ್ತಾರೆ. ಎರಡು ವಾರದಲ್ಲಿ ಆ ಚೂರು ಹಾಳೆಯಾಗಿ ಹರಡಬೇಕು. ಹರಡಿದರೆ ಅದನ್ನು ಸುಟ್ಟ ಕಣ್ಣಿಗೆ ಹೊದಿಸುತ್ತಾರೆ.

ಇವತ್ತು ಒಳಗಿರುವ ಹಾಳೆ ಒಬ್ಬ ಗಾರೆ ಕೆಲಸದವನದು. ಸುಣ್ಣ ಸಿಡಿದು ಅವನ ಎಡಗಣ್ಣು ಪೂರಾ ಹೋಗಿದೆ. ಬಲಗಣ್ಣಿಗೂ ತಾಗಿದೆ, ನಡೆದಾಡಬಲ್ಲ, ಕಟ್ಟಡದ ಸಾರುವೆ ಹತ್ತಲಾರ. ಆ ಬಲಗಣ್ಣಿನಲ್ಲಿ ಉಳಿದಿರುವ ಚೂರುಪಾರು ಒಳ್ಳೆಯ ಅಂಚಿನಿಂದ ಒಮ್ಮೆ ತುಣುಕು ತೆಗೆದಿದ್ದರು. ಅದು ಬೆಳೆಯಲಿಲ್ಲ. ಈಗಿನದು ಎರಡನೆಯದು. ಇದೂ ಕೆಟ್ಟರೆ ಮತ್ತೆ ಆ ಕಣ್ಣಿಗೆ ಕೈ ಹಾಕುವುದಿಲ್ಲವೆಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ.

"ಮೊದಲನೇದು ಕೆಟ್ಟಿದ್ದು ನನ್ನಿಂದ," ಎನ್ನುತ್ತಾರೆ ಚಡಪಡಕ್ಕ. ಹೇಳುವಾಗ ಮಾತ್ರ ನಿಂತಿದ್ದರು, ಹೇಳಿ ಮತ್ತೆ ನಡೆಯುತ್ತಾರೆ. "ನಂಗೆ ತಡ್ಕೊಳ್ಳೋಕೆ ಆಗಲ್ಲ ನೋಡಿ. ಹೆಂಗಿದೆಯೋ ಏನೋ ಅಂತ ಬಾಗಿಲು ತೆಗೆಯೋದು, ಇಣುಕೋದು, ಹಾಕೋದು. ತೆಗೆದಾಗೆಲ್ಲ ಒಳಗಿನ ಬಿಸಿ ಹೋಗುತ್ತೆ, ಗಾಳಿ ಬದಲಾಗುತ್ತೆ. ಗೊತ್ತು. ಗೊತ್ತಿದ್ದೂ ತೆಗೀತಿದ್ದೆ. ಆ ಕೂಸು ಚಳಿ ಹಿಡಿದು ಹೋಯ್ತು."

ಹಾಗೇನಿಲ್ಲ, ಹತ್ತಾರು ಕಾರಣ ಇರುತ್ತೆ, ಕೆಲವು ಸಲ ಬೆಳೆಯುವುದೇ ಇಲ್ಲ ಎಂದು ಡಾಕ್ಟರಮ್ಮ ಸಮಾಧಾನ ಮಾಡಿದ್ದರಂತೆ. "ಹತ್ತಾರು ಕಾರಣದಲ್ಲಿ ನಾನೂ ಒಂದು ತಾನೇ?" ಎಂದು ಈಕೆ ಕೇಳುತ್ತಾರೆ. ಅಂದಿನಿಂದ ಹೊಸ ಕಟ್ಟುಪಾಡು. ಆಹಾರ ಕೊಟ್ಟು ಹೊರಬಂದ ಕೂಡಲೇ ಕೀ ಕಾವಲುಗಾರನ ಜೇಬಿಗೆ. ಪೆಟ್ಟಿಗೆಯ ಬಿಸಿ ತೋರಿಸುವ ಅಂಕಿಗಳು ಕಿಟಕಿಯ ಗಾಜಿನಲ್ಲೇ ಕಾಣುತ್ತವೆ, ಅಪಾಯವಾದರೆ ಗಂಟೆ ಹೊಡೆಯುತ್ತದೆ. ಅದಕ್ಕಿಂತ ಹೆಚ್ಚಿಗೆ ನೋಡಬೇಕೆನಿಸುವುದು ಈಕೆಯ ಕಾಯಿಲೆ, ಅದಕ್ಕೆ ಮದ್ದು ಈ ಮಾವ.

ಈಕೆ ಈ ಕಟ್ಟಡಕ್ಕೆ ಬಂದದ್ದು ಸೀಸೆ ತೊಳೆಯುವ ಕೆಲಸಕ್ಕೆ. ಇಡೀ ದಿನ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ಓಡಾಡುತ್ತಿದ್ದರೂ ಒಂದು ಸೀಸೆಯನ್ನೂ ಒಡೆಯಲಿಲ್ಲ. ಅದನ್ನು ಗಮನಿಸಿದ ಡಾಕ್ಟರಮ್ಮ ಕೂರಿಸಿ ಕಲಿಸಿದರು. "ಕೂರಿಸಿ ಅಂದ್ರೆ ಸುಳ್ಳಾಗುತ್ತೆ," ಎಂದು ಆಕೆಯೇ ತಿದ್ದುತ್ತಾರೆ. "ನಿಂತ್ಕೊಂಡೇ ಕಲಿತೆ. ನನ್ನ ಕಾಲು ನಿಲ್ಲಲ್ಲ, ಕೈ ಅಲ್ಲಾಡಲ್ಲ. ದೇವರು ಯಾವ್ದೋ ಲೆಕ್ಕ ತಪ್ಪಿಸಿದ್ದಾನೆ."

ಮನೆಯಲ್ಲೂ ಇದೇ ಚಡಪಡಿಕೆ. ಜೊತೆಗಿರುವ ತಮ್ಮನಿಗೆ ಕಣ್ಣು ಕಾಣುವುದಿಲ್ಲ, ಚಿಕ್ಕಂದಿನ ಜ್ವರದಲ್ಲಿ ಕಣ್ಣಿನ ನರ ಒಣಗಿತು. ಅಕ್ಕನ ಬಗ್ಗೆ ಕೇಳಿದರೆ ನಗುತ್ತಾನೆ. "ಅನ್ನದ ಪಾತ್ರೆ ಮುಚ್ಚಳದ ಸದ್ದು ಕೇಳ್ತಾ ಇದ್ರೆ ಅಕ್ಕ ಮನೇಲಿದ್ದಾಳೆ ಅಂತ ಅರ್ಥ. ಇವಳ ಕಾಟಕ್ಕೆ ಅನ್ನ ಅರ್ಧಂಬರ್ಧ ಬೇಯುತ್ತೆ. ಅದಕ್ಕೇ ಅಡುಗೆ ನಾನೇ ಮಾಡೋದು."

ನೆಂಟರ ಬಾಯಿ ಮುಚ್ಚುವುದು ಅಷ್ಟು ಸುಲಭವಲ್ಲ. ಊರವರಿಗೆಲ್ಲ ಕಣ್ಣು ಬೆಳೆಸುತ್ತೀಯ, ಒಡಹುಟ್ಟಿದವನಿಗೆ ಯಾಕಿಲ್ಲ ಎಂದು ಕೇಳುತ್ತಾರೆ. ತಪ್ಪು ಅವರದೂ ಅಲ್ಲ. ನಾನು ಬಂದ ರಸ್ತೆಯುದ್ದಕ್ಕೂ ಗೋಡೆಗೋಡೆಗೆ ಜಾಹೀರಾತು: ಮಂಡಿಗೆ ಸ್ಟೆಮ್ ಸೆಲ್, ಮರೆವಿಗೆ ಸ್ಟೆಮ್ ಸೆಲ್, ಬೋಳುತಲೆಗೂ ಸ್ಟೆಮ್ ಸೆಲ್! ಓದುತ್ತಾ ಓದುತ್ತಾ ನನಗೇ ಮೈ ಉರಿಯಿತು. ನಿಜವಾಗಿ ಕೈಗೂಡಿರುವುದು ಕೆಲವೇ ಕೆಲವು, ಉಳಿದದ್ದು ಇನ್ನೂ ಪ್ರಯೋಗದಲ್ಲಿದೆ, ಕೆಲವಂತೂ ಬರೀ ಬೊಗಳೆ.

"ನರ ಬೇರೆ, ಈ ಹಾಳೆ ಬೇರೆ. ತಮ್ಮಂಗೆ ಹೇಳಿದ್ದೀನಿ," ಎನ್ನುತ್ತಾರೆ ಆಕೆ. "ಮುಂದೆ ಯಾವತ್ತೋ ಆಗ್ಬೋದು. ನಮ್ಮ ಕಾಲಕ್ಕೆ ಆಗುತ್ತೆ ಅಂತ ಅವನಿಗೆ ಆಸೆ ಹುಟ್ಟಿಸಲ್ಲ. ಹೇಳಿದ ದಿನ ಇಬ್ರೂ ಅತ್ವಿ. ಆಮೇಲೆ ಅವನೇ ಹೋಗಿ ಅಡುಗೆ ಮಾಡ್ದ."

ಏಳಾಗುತ್ತದೆ. ಮಾವ ಜೇಬಿಗೆ ಕೈ ಹಾಕುವ ಮೊದಲೇ ಈಕೆಯ ಕೈ ಚಾಚಿದೆ.

ಗಾಜಿನಾಚೆ ನಿಂತು ನಾನು ನೋಡುತ್ತೇನೆ. ಮೈಯೆಲ್ಲ ಮುಚ್ಚುವ ನೀಲಿ ಬಟ್ಟೆ, ಮುಖಗವಸು, ಕೈಗವಸು. ಪೆಟ್ಟಿಗೆ ತೆರೆದು, ತಟ್ಟೆ ತೆಗೆದು, ಬಾಗಿಲು ಹಾಕಿ, ಸೂಕ್ಷ್ಮದರ್ಶಕದ ಕೆಳಗೆ ಇಡುತ್ತಾರೆ. ಕುರ್ಚಿಯಿದೆ, ಕೂರುವುದಿಲ್ಲ. ಬಲಗಾಲು ತಾಳ ಹಾಕುತ್ತಿದೆ. ಇದ್ದಕ್ಕಿದ್ದಂತೆ ಆ ಕಾಲು ನಿಲ್ಲುತ್ತದೆ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯದೆ ನಾನು ಗಾಜಿಗೆ ಹಣೆ ಹಚ್ಚುತ್ತೇನೆ. ಕಾವಲುಗಾರನೂ ಕುರ್ಚಿ ಬಿಟ್ಟು ಬಂದು ಪಕ್ಕದಲ್ಲಿ ನಿಂತಿದ್ದಾನೆ. ಕೊನೆಗೆ ಆಕೆ ನಮ್ಮತ್ತ ತಿರುಗಿ ಎರಡೂ ಅಂಗೈಗಳನ್ನು ಮೆಲ್ಲಗೆ ಅಗಲಿಸಿ ತೋರಿಸುತ್ತಾರೆ. ಹರಡಿದೆ.

ಹಾಳೆ ಗೋಡೆಯ ಕಿಂಡಿಯಿಂದ ಶಸ್ತ್ರಚಿಕಿತ್ಸೆಯ ಕೋಣೆಯ ನರ್ಸಿನ ಕೈ ಸೇರುತ್ತದೆ. ಅಲ್ಲಿಗೆ ಈಕೆಯ ಪಾಲಿನದು ಮುಗಿಯಿತು. ರೋಗಿಯ ಮುಖವನ್ನು ಒಮ್ಮೆಯೂ ನೋಡಿಲ್ಲ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೀ ತೋರಿಸುತ್ತಾರೆ. "ಇದು ನನ್ನ ಹತ್ರಾನೇ ಇದ್ದು, ನಾನು ಸುಮ್ನೆ ಇರೋ ಹಂಗಾಗ್ಬೇಕು. ಅಷ್ಟೇ."

ಕೆಲವು ವಾರಗಳ ನಂತರ ಮತ್ತೆ ಹೋಗುತ್ತೇನೆ. ಇವತ್ತು ಗಾರೆ ಕೆಲಸದವನ ಕಣ್ಣು ಪರೀಕ್ಷೆ. ಡಾಕ್ಟರಮ್ಮ ಒಳಗೆ ಬಾ ಎಂದು ಹೇಳಿಕಳಿಸಿದ್ದರೂ ಚಡಪಡಕ್ಕ ಮುಚ್ಚಿದ ಬಾಗಿಲ ಹೊರಗೆ, ಅದೇ ನೀಲಿ ಬಟ್ಟೆಯಲ್ಲಿ, ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದಾರೆ. ಒತ್ತುವುದಿಲ್ಲ, ಬಿಡುವುದೂ ಇಲ್ಲ. ಬೆಂಚಿನ ಮೇಲೆ ಕೂತಿರುವ ಗಾರೆಯವನ ಹೆಂಡತಿ ಕೇಳುತ್ತಾಳೆ: "ನಿಮ್ಮವರೂ ಒಳಗಿದ್ದಾರಾ ಅಕ್ಕ?"

"ಹೂಂ," ಎನ್ನುತ್ತಾರೆ. "ಇದ್ದಾರೆ."

ಬಾಗಿಲು ಒಳಗಿನಿಂದಲೇ ತೆರೆಯುತ್ತದೆ. ಪರೀಕ್ಷೆಗೆಂದು ಬಲಗಣ್ಣಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಲೂ ಪುರುಸೊತ್ತಿಲ್ಲದೆ, ಬರೀ ಎಡಗಣ್ಣಿನಲ್ಲಿ ಗಾರೆಯವನು ಹೆಂಡತಿಯನ್ನು ಹುಡುಕಿಕೊಂಡು ಬಂದಿದ್ದಾನೆ. ದಾರಿಗೆ ಯಾರೋ ಅಡ್ಡ ನಿಂತಿದ್ದಾರೆ.

"ಏ ನೀಲಿ ಬಟ್ಟೆಯಮ್ಮಾ, ಹಿಂಗೆ ಬಾಗಿಲಿಗೇ ನಿಂತ್ರೆ ಹೆಂಗೆ? ಸರೀರಿ ಆ ಕಡೆ!"

ಚಡಪಡಕ್ಕ ಸರಿಯುತ್ತಾರೆ. ಹೆಂಡತಿ ಅವನ ತೋಳು ಹಿಡಿದು ಅಳುತ್ತಿದ್ದಾಳೆ. ನಾನು ಬಾಯಿ ತೆರೆಯುವಷ್ಟರಲ್ಲಿ ಈಕೆ ನನ್ನ ಮೊಣಕೈ ಅದುಮಿ ಸುಮ್ಮನಾಗಿಸಿ, ಅಂಗಳದವರೆಗೂ ಎಳೆದುಕೊಂಡೇ ಹೋಗುತ್ತಾರೆ.

"ಕೇಳಿಸ್ಕೊಂಡ್ರಾ? ನೀಲಿ ಅಂದ! ನೀಲಿ ಅಂತ ನೋಡಿ ಬೈದ!" ಕಣ್ಣು ಒರೆಸಿಕೊಳ್ಳುತ್ತಾ, ನಗುತ್ತಾ, ಅಲ್ಲೇ ಗಿರಗಿರನೆ ಒಂದು ಸುತ್ತು ಹಾಕುತ್ತಾರೆ.

ಸುದ್ದಿ ಕೇಳಿದ ಕಾವಲುಗಾರ ಜೇಬಿನಿಂದ ಕೀ ತೆಗೆದು ಚಾಚುತ್ತಾನೆ. "ತಗೋ ತಾಯಿ. ಇನ್ಮೇಲೆ ನೀನೇ ಇಟ್ಕೋ."

ಆಕೆ ಕೀಯನ್ನು ನೋಡುತ್ತಾರೆ. ಕೈ ಅರ್ಧದವರೆಗೂ ಹೋಗುತ್ತದೆ.

"ಬೇಡ ಮಾವ, ನಿಮ್ಹತ್ರಾನೇ ಇರ್ಲಿ," ಎನ್ನುತ್ತಾರೆ. "ಒಳಗೆ ಒಂದು ಸಣ್ಣ ಹುಡುಗೀದು ಬೆಳೀತಾ ಇದೆ."